ಕಡಲತೀರದ ಊರಲ್ಲಿ ಮೂರು ಮಿಲಿಗ್ರಾಂ ಗಾಳಿ

2,300 ಘನ ಮೀಟರ್ ಗಾಳಿ ಎಷ್ಟು ತೂಗೀತು? ಗಾಳಿಗೆಂಥ ತೂಕ ಎಂದು ಬಿಟ್ಟುಬಿಡುವಂತಿಲ್ಲ. ಸಮುದ್ರಮಟ್ಟದಲ್ಲಿ ಅಷ್ಟು ಗಾಳಿ ಹತ್ತಿರಹತ್ತಿರ ಮೂರು ಟನ್ ತೂಗುತ್ತದೆ. ಅಷ್ಟನ್ನೂ ಉಕ್ಕಿನ ಕೋಣೆಯೊಂದರಿಂದ ಹೀರಿ ತೆಗೆದು, ಒಳಗೆ ಬರೀ ಮೂರು ಮಿಲಿಗ್ರಾಂ ಉಳಿಸುವ ಊರೊಂದಿದೆ. ಮೂರು ಮಿಲಿಗ್ರಾಂ ಎಂದರೆ ಒಂದೇ ಒಂದು ರಾಗಿ ಕಾಳಿನ ತೂಕ.

ಆ ಊರು ನೋರ್ಡ್‌ವೈಕ್. ನೆದರ್ಲೆಂಡ್ಸ್‌ನ ಪಶ್ಚಿಮ ಕರಾವಳಿಯಲ್ಲಿ, ಲೈಡನ್ ನಗರದ ಸಮೀಪ ಇದೆ. ಉತ್ತರ ಸಮುದ್ರಕ್ಕೆ ಮುಖಮಾಡಿದ 13 ಕಿಲೋಮೀಟರ್ ಮರಳ ದಂಡೆ, ಬಿಳಿಯ ದೀಪಸ್ತಂಭ, ಸಾಲು ಹೋಟೆಲುಗಳು. ಬಿಸಿಲು ಕಾಣಲು ಬರುವ ಜನ. 2019ರ ಜನವರಿ 1ರಂದು ನೆರೆಯ ನೋರ್ಡ್‌ವೈಕರ್‌ಹೌಟ್ ಕೂಡ ಇದೇ ಪುರಸಭೆಗೆ ಸೇರಿತು. ಎಲ್ಲ ಸೇರಿದರೂ ಜನಸಂಖ್ಯೆ ಸುಮಾರು 45,000. ದಂಡೆಯ ಹಿಂದಿನ ಮರಳುದಿಬ್ಬಗಳನ್ನು ಹಿಂದಿನವರು ಅಗೆದು ಸಮತಟ್ಟು ಮಾಡಿದರು. ಮರಳು ದೋಣಿಯೇರಿ ಬೆಳೆಯುತ್ತಿದ್ದ ನಗರಗಳಿಗೆ ಹೋಯಿತು, ಉಳಿದ ನೆಲ ಹೂಗೆಡ್ಡೆಗಳ ಹೊಲವಾಯಿತು. ಪಕ್ಕದ ಲಿಸ್ಸೆಯಲ್ಲಿರುವ ಕೋಕೆನ್‌ಹೋಫ್ ತೋಟದಲ್ಲಿ ಪ್ರತಿವರ್ಷ ಸುಮಾರು 70 ಲಕ್ಷ ಗೆಡ್ಡೆಗಳನ್ನು ಕೈಯಿಂದಲೇ ನೆಡುತ್ತಾರೆ, ಎಂಟು ವಾರಗಳ ಹೂವಿಗಾಗಿ. ವಸಂತದಲ್ಲಿ ಹೂವಿನ ತೇರುಗಳು ನೋರ್ಡ್‌ವೈಕ್‌ನಿಂದ ಹೊರಟು, ಸುಮಾರು 40 ಕಿಲೋಮೀಟರ್ ಸಾಗಿ ಹಾರ್ಲೆಮ್ ಮುಟ್ಟುತ್ತವೆ.

ಈ ಹೂವಿನ ನೆಲಕ್ಕೆ 1968ರಲ್ಲಿ ಎಸ್ಟೆಕ್ ಬಂತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ತಾಂತ್ರಿಕ ಕೇಂದ್ರ ಅದು. ಆ ಸಂಸ್ಥೆಯ ನೆಲೆಗಳಲ್ಲೆಲ್ಲ ದೊಡ್ಡದು. ಮರಳುದಿಬ್ಬಗಳ ಬೆನ್ನಿಗೇ ಇರುವ ಇಲ್ಲಿ 2,500ಕ್ಕೂ ಹೆಚ್ಚು ಮಂದಿ ದುಡಿಯುತ್ತಾರೆ. ನೌಕೆಗಳನ್ನು ಪರೀಕ್ಷಿಸಲೆಂದೇ ಕಟ್ಟಿದ, ರಾಗಿ ಕಾಳಿನಷ್ಟು ಗಾಳಿಯ ಆ ಕೋಣೆ ಇರುವುದು ಇಲ್ಲೇ. ಅದರ ಮುಖ್ಯ ಭಾಗ 15 ಮೀಟರ್ ಎತ್ತರ, 10 ಮೀಟರ್ ಅಗಲ. ಒಳಗಿನ ಒತ್ತಡವನ್ನು ಹೊರಗಿನದರ ನೂರು ಕೋಟಿಯಲ್ಲೊಂದು ಪಾಲಿಗೆ ಇಳಿಸುತ್ತಾರೆ. ಆಗ ಹೊರಗಿನ ವಾತಾವರಣ ಪ್ರತಿ ಚದರ ಮೀಟರಿಗೆ ಹತ್ತು ಟನ್ ಲೆಕ್ಕದಲ್ಲಿ ಗೋಡೆಯನ್ನು ಅದುಮುತ್ತದೆ. ಆ ಮುಖ್ಯ ಭಾಗವನ್ನಷ್ಟೇ ಸರಳ ಸಿಲಿಂಡರ್ ಎಂದುಕೊಂಡು ಗುಣಿಸಿದರೆ ಒಟ್ಟು ಒತ್ತುವ ಭಾರ 6,000 ಟನ್ ದಾಟುತ್ತದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇನ್ನೊಂದು ಲೆಕ್ಕ: ಇಷ್ಟೆಲ್ಲ ಬರಿದು ಮಾಡಿದ ಮೇಲೂ ಅಲ್ಲಿನ ಒಂದೊಂದು ಘನ ಸೆಂಟಿಮೀಟರಿನಲ್ಲಿ ಸುಮಾರು 2,500 ಕೋಟಿ ಅಣುಗಳು ಉಳಿದಿರುತ್ತವೆ. ಭೂಮಿಯ ಮೇಲಿರುವ ಎಲ್ಲ ಮನುಷ್ಯರ ಮೂರು ಪಟ್ಟು! ಇದನ್ನು ನಾವು ನಿರ್ವಾತ ಎನ್ನುತ್ತೇವೆ. ನಾವು ಉಸಿರಾಡುವ ಗಾಳಿ ಎಷ್ಟು ದಟ್ಟವಾದದ್ದು ಎಂಬುದು ಅದನ್ನು ತೆಗೆದಾಗಲೇ ಗೊತ್ತಾಗುವುದು.

ಬರಿದು ಮಾಡಿದರೆ ಸಾಲದು. ಗೋಡೆಗಳಲ್ಲಿ ದ್ರವ ಸಾರಜನಕ ಹರಿಸಿ ಮೈಕೊರೆಯುವ ಬಾಹ್ಯಾಕಾಶದ ಚಳಿಯನ್ನು ತರುತ್ತಾರೆ. ಆ ದ್ರವ ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ. ಇನ್ನೊಂದು ಕಡೆಯಿಂದ ಸೂರ್ಯ ಬೇಕು. ಅದಕ್ಕೆ 25 ಕಿಲೋವಾಟ್‌ನ 19 ಕ್ಸೆನಾನ್ ದೀಪಗಳಿವೆ, ಬೆಳಕನ್ನು ಸಮವಾಗಿ ಬೀರಲು 121 ತುಂಡುಗಳ ಕನ್ನಡಿಯಿದೆ. ಬುಧ ಗ್ರಹಕ್ಕೆ ಹೊರಟ ಬೆಪಿಕೊಲಂಬೊ ನೌಕೆಗೆ ಒಂದು ಸೂರ್ಯ ಸಾಲದಾಯಿತು. ಬುಧನ ಹತ್ತಿರ ಬಿಸಿಲು ಇಲ್ಲಿಗಿಂತ ಹತ್ತು ಪಟ್ಟು, ನೌಕೆಯ ಹೊರಮೈ 450 ಡಿಗ್ರಿಯವರೆಗೂ ಕಾಯಬಹುದು. ಹಾಗಾಗಿ ಹತ್ತು ಪಟ್ಟು ಬಿಸಿಲನ್ನೇ ಇಲ್ಲಿ ಉರಿಸಿದರು. ಬೇಸಿಗೆಯ ದಿನವೂ ಮೋಡ ಕವಿಯಬಲ್ಲ ಕರಾವಳಿ ಇದು.

ಇನ್ನೊಂದು ಕೋಣೆ ಗದ್ದಲದ್ದು. ರಾಕೆಟ್ ಮೇಲೇಳುವಾಗಿನ ಶಬ್ದವೇ ಸೂಕ್ಷ್ಮ ಉಪಕರಣಗಳನ್ನು ಅಲುಗಾಡಿಸಿ ಕೆಡಿಸಬಲ್ಲದು. ಅದಕ್ಕೆ 16.4 ಮೀಟರ್ ಎತ್ತರದ ಕಾಂಕ್ರೀಟ್ ಕೋಣೆ ಕಟ್ಟಿ, ಗೋಡೆಯನ್ನು ಅರ್ಧ ಮೀಟರ್ ದಪ್ಪ ಮಾಡಿ, ದೈತ್ಯ ಕಹಳೆಗಳ ಮೂಲಕ ಸಾರಜನಕ ನುಗ್ಗಿಸುತ್ತಾರೆ. ಶಬ್ದ 154 ಡೆಸಿಬೆಲ್ ಮೀರುತ್ತದೆ. ನಾವು ಮಾತಾಡುವುದು 60 ಡೆಸಿಬೆಲ್ ಆಸುಪಾಸಿನಲ್ಲಿ. ವ್ಯತ್ಯಾಸ ಎರಡೂವರೆ ಪಟ್ಟು ಎನಿಸಬಹುದು, ಆದರೆ ಹತ್ತು ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಈ ಕೋಣೆಯ ಶಬ್ದ ಮಾತಿಗಿಂತ ಸುಮಾರು 250 ಕೋಟಿ ಪಟ್ಟು ತೀವ್ರ. ಒಳಗೆ ಸಿಕ್ಕಿಕೊಂಡ ಮನುಷ್ಯ ಬದುಕಲಾರ. ಎಲ್ಲ ಬಾಗಿಲೂ ಮುಚ್ಚದ ಹೊರತು ಕಹಳೆ ಊದುವುದೇ ಇಲ್ಲ.

ನೌಕೆಗಳನ್ನು ಹೀಗೆ ಗೋಳುಹೊಯ್ದುಕೊಳ್ಳುವುದು ಯಾಕೆಂದರೆ, ಒಮ್ಮೆ ಹೊರಟದ್ದನ್ನು ರಿಪೇರಿ ಮಾಡಲು ಸಾಮಾನ್ಯವಾಗಿ ಯಾರೂ ಹೋಗಲಾಗದು. ಇಲ್ಲೇ ಪರೀಕ್ಷೆ ಮುಗಿಸಿದ ರೋಸೆಟಾ 2004ರ ಮಾರ್ಚ್‌ನಲ್ಲಿ ಹೊರಟು, 640 ಕೋಟಿ ಕಿಲೋಮೀಟರ್ ಅಲೆದು, 2014ರ ಆಗಸ್ಟ್‌ನಲ್ಲಿ ಒಂದು ಧೂಮಕೇತುವನ್ನು ಸೇರಿತು. ಅದೇ ನವೆಂಬರ್‌ನಲ್ಲಿ ಅದರ ಮರಿನೌಕೆ ಧೂಮಕೇತುವಿನ ಮೇಲಿಳಿದಾಗ, ಆ ಸುದ್ದಿ ಬೆಳಕಿನ ವೇಗದಲ್ಲೇ ಬಂದರೂ ಭೂಮಿ ಮುಟ್ಟಲು 28 ನಿಮಿಷ ಹಿಡಿಯಿತು.

ಈ ಊರಿಗೂ ನಮ್ಮ ಕಡೆಗೂ ನೇರ ನಂಟಿದೆ. ಎಸ್ಟೆಕ್‌ನ ಮೇಲ್ವಿಚಾರಣೆಯ ಪ್ರೋಬಾ-3 ಜೋಡಿ ಉಪಗ್ರಹಗಳನ್ನು 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ ಕಕ್ಷೆಗೇರಿಸಿದ್ದು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋದ ಪಿಎಸ್‌ಎಲ್‌ವಿ. ಭೂಮಿಯಿಂದ 60,000 ಕಿಲೋಮೀಟರಿಗೂ ಎತ್ತರದಲ್ಲಿ ಎರಡೂ 150 ಮೀಟರ್ ಅಂತರ ಕಾಯ್ದುಕೊಂಡು ಹಾರುತ್ತವೆ, ಮಿಲಿಮೀಟರ್ ತಪ್ಪದಂತೆ. ಒಂದರ 1.4 ಮೀಟರ್ ತಟ್ಟೆ ಸೂರ್ಯನನ್ನು ಮರೆಮಾಡುತ್ತದೆ. ಆ ನೆರಳು ಇನ್ನೊಂದರ ದೂರದರ್ಶಕದ ಮೇಲೆ ಬೀಳುವಾಗ ಅದರ ಅಗಲ ಎಂಟು ಸೆಂಟಿಮೀಟರ್. ಚಂದ್ರ ಮಾಡುವ ಖಗ್ರಾಸ ಗ್ರಹಣ ಏಳೂವರೆ ನಿಮಿಷವೂ ನಿಲ್ಲುವುದು ಅಪರೂಪ. ಈ ಜೋಡಿಯ ಗ್ರಹಣ ಒಂದು ಸುತ್ತಿಗೆ ಆರು ಗಂಟೆಯವರೆಗೂ ನಡೆಯಬಲ್ಲದು, ಒಂದು ಸುತ್ತು ಮುಗಿಯಲು ಬೇಕಾಗುವುದು ಇಪ್ಪತ್ತು ಗಂಟೆಗೂ ಕಡಿಮೆ.