ಎತ್ತರಿಸಿದ ಜೀಪಿಗೆ ಎಂತಹ ಚಕ್ರ?

ಸಿರಾ ತಾಲ್ಲೂಕಿನ ಹುಲಿಕುಂಟೆಯ ಕಡೆ ಕಲ್ಲು ತುಂಬಿದ ಬಂಡಿಜಾಡಿನಲ್ಲಿ ಓಡಿಸಲೆಂದು ಪಟ್ಟಿಸ್ಪ್ರಿಂಗಿನ ಹಳೆಯ ಜೀಪನ್ನು ಎತ್ತರಿಸಿದೆವೆನ್ನೋಣ. ಸ್ಪ್ರಿಂಗುಗಳನ್ನಷ್ಟೇ ಬದಲಾಯಿಸಿದರೆ ಒಡಲು ಮೇಲೇರುವುದೇ ಹೊರತು ಅಚ್ಚು ಇದ್ದಲ್ಲಿಯೇ ಇರುವುದು. ಕಲ್ಲು ತಗಲುವುದಾದರೋ ಅಚ್ಚಿನ ನಡುವೆ ಉಬ್ಬಿರುವ ಹಲ್ಲುಚಕ್ರಗಳ ಪೆಟ್ಟಿಗೆಗೆ! ಅದನ್ನು ಎತ್ತಬಲ್ಲುದು ಟೈರಿನ ವ್ಯಾಸ. 28 ಅಂಗುಲದ ಟೈರಿಗೆ ಬದಲಾಗಿ 31 ಅಂಗುಲದ್ದನ್ನು ತೊಡಿಸಿದರೆ ಒಂದೂವರೆ ಅಂಗುಲ ಲಾಭ. ನಮ್ಮ ಎತ್ತಿನ ಬಂಡಿಯ ದೊಡ್ಡ ಗಾಲಿ ಕಲ್ಲನ್ನು ಸುಲಭವಾಗಿ ಹತ್ತುವುದೂ ವ್ಯಾಸದ ಬಲದಿಂದಲೇ.

ಆದರೆ ಈ ಲಾಭ ಬಿಟ್ಟಿಯಲ್ಲ. ತ್ರಿಜ್ಯ ಹೆಚ್ಚಿದುದರಿಂದ ಚಕ್ರವು ನೆಲವನ್ನು ತಳ್ಳುವ ಬಲ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುವುದು. ವೇಗಮಾಪಕ 60 ಕಿಲೋಮೀಟರ್ ತೋರಿಸುವಾಗ ವಾಹನ 66ರಲ್ಲಿ ಓಡುತ್ತಿರುವುದು. ಗುರುತ್ವಕೇಂದ್ರವೂ ಮೇಲೇರಿ, ಇಳಿಜಾರನ್ನು ಅಡ್ಡ ಹಾಯುವಾಗ ಮಗುಚುವ ಭಯ ಹೆಚ್ಚುವುದು. ಆದುದರಿಂದ ಕಲ್ಲು ತಪ್ಪಿಸುವಷ್ಟು ದೊಡ್ಡ ಟೈರು ಸಾಕು. ರಿಮ್ಮನ್ನು ಮಾತ್ರ ದೊಡ್ಡದು ಮಾಡಬಾರದು. ಟೈರಿನ ಪಕ್ಕೆ ಎತ್ತರವಾಗಿದ್ದರೆ ಕಲ್ಲಿನ ಪೆಟ್ಟನ್ನು ಒಳಗಿನ ಗಾಳಿಯೇ ನುಂಗಿಕೊಳ್ಳುವುದು.