ಗೋಬರ್ ಗ್ಯಾಸ್ ಗುಂಡಿಯೊಳಗಿನ ಜೀವಿಗಳ ಗುಟ್ಟು ತಿಳಿದ ವಿಜ್ಞಾನಿ



ಸಂಘದ ಸಭೆಗಳಲ್ಲಿ ಗೋಬರ್ ಗ್ಯಾಸಿನ ಮಾತು ಬಂದಾಗ ನಾವು ಹೆಚ್ಚಾಗಿ ಕೇಳುವ ದೂರು ಒಂದೇ: "ಮೊದಲು ಚೆನ್ನಾಗಿ ಉರೀತಿತ್ತು, ಈಗ ಗ್ಯಾಸೇ ಬರೋದಿಲ್ಲ." ಆಮೇಲೆ ಗುಂಡಿ ಹಾಳು ಬೀಳುತ್ತದೆ. ಮತ್ತೆ ಸೌದೆ, ಮತ್ತೆ ಹೊಗೆ, ಮತ್ತೆ ಕಣ್ಣುರಿ. ಬೈಗುಳ ಮಾತ್ರ ಗುಂಡಿ ಕಟ್ಟಿದ ಮೇಸ್ತ್ರಿಗೆ! ಕೆಲವು ಸಲ ಮೇಸ್ತ್ರಿಯದೇ ತಪ್ಪಿರಬಹುದು. ಆದರೆ ಎಷ್ಟೋ ಸಲ ಗುಂಡಿಯ ಗೋಡೆ ಗಟ್ಟಿಯಾಗಿಯೇ ಇರುತ್ತದೆ, ಒಳಗಿರುವ ಜೀವಿಗಳು ಮಾತ್ರ ಸೊರಗಿರುತ್ತವೆ. ಹೌದು, ಗುಂಡಿಯೊಳಗೆ ಇರುವುದು ಬರೀ ಸಗಣಿಯಲ್ಲ. ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಅಲ್ಲಿ ಸಂಸಾರ ಮಾಡುತ್ತಿವೆ. ನಮ್ಮ ಒಲೆಯಲ್ಲಿ ಉರಿಯುವ ಮೀಥೇನ್ ಅನಿಲ ಅವುಗಳ ಉಸಿರು ಅಂತಲೇ ಹೇಳಬಹುದು.

ಕೆಸರಿನಿಂದ ಬರುವ ಗಾಳಿಗೆ ಬೆಂಕಿ ಹತ್ತುತ್ತದೆ ಎಂಬುದು ಹಳೆಯ ಸಂಗತಿ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಎಂಬವರು ಮಾಜೋರೆ ಸರೋವರದ ದಡದಲ್ಲಿ ಕೋಲಿನಿಂದ ಕೆಸರು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಉರಿಸಿ ನೋಡಿದ್ದರು. ಆದರೆ ಆ ಗಾಳಿಯನ್ನು ಮಾಡುವವರು ಯಾರು, ಹೇಗೆ ಮಾಡುತ್ತಾರೆ ಎಂಬುದು ಸರಿಯಾಗಿ ತಿಳಿಯಲು ಸುಮಾರು ಇನ್ನೂರು ವರ್ಷ ಹಿಡಿಯಿತು. ಅದನ್ನು ತಿಳಿಸಿಕೊಟ್ಟವರಲ್ಲಿ ಮುಖ್ಯರು ಅಮೆರಿಕದ ರಾಲ್ಫ್ ವುಲ್ಫ್.

ವುಲ್ಫ್ ಹುಟ್ಟಿದ್ದು 1921ರಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ. 1953ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಮೇಷ್ಟರಾಗಿ ಸೇರಿದವರು ಕೊನೆಯವರೆಗೂ ಅಲ್ಲಿಯೇ ಉಳಿದರು. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಕೆಲಸವನ್ನು ಅವರು ಕೈಗೆತ್ತಿಕೊಂಡಾಗ ಆ ದಾರಿಯಲ್ಲಿ ಹೆಚ್ಚು ಜನ ಇರಲಿಲ್ಲ. ಯಾಕೆ ಅಂತೀರಾ? ಈ ಜೀವಿಗಳಿಗೆ ಗಾಳಿ ಸೋಕಬಾರದು. ನಮಗೆ ಪ್ರಾಣವಾಯು ಆಗಿರುವ ಆಮ್ಲಜನಕ ಇವುಗಳಿಗೆ ವಿಷ. ಬಾಟಲಿಯ ಮುಚ್ಚಳ ತೆಗೆದರೆ ಸಾಕು, ತಿಂಗಳುಗಟ್ಟಲೆ ಮಾಡಿದ ಕೆಲಸ ಹಾಳು.

ಇದಕ್ಕೆ ಉಪಾಯ ಸಿಕ್ಕಿದ್ದು ಹಸುವಿನ ಹೊಟ್ಟೆಯ ಸಂಶೋಧನೆಯಿಂದ. ಹಸುವಿನ ಮೆಲುಕು ಚೀಲದಲ್ಲೂ ಇದೇ ಜಾತಿಯ ಜೀವಿಗಳು ಇರುತ್ತವೆ, ಅದಕ್ಕೇ ಹಸು ತೇಗಿದಾಗ ಮೀಥೇನ್ ಬರುತ್ತದೆ. ಗಾಳಿ ಸೋಕದಂತೆ ಇವನ್ನು ಬೆಳೆಸುವ ವಿಧಾನವನ್ನು ರಾಬರ್ಟ್ ಹಂಗೇಟ್ ಎಂಬ ವಿಜ್ಞಾನಿ ರೂಪಿಸಿದ್ದರು. ಅದರಲ್ಲಿ ನುರಿತ ಮಾರ್ವಿನ್ ಬ್ರಯಂಟ್ ಇಲಿನಾಯ್‌ನ ಹೈನು ವಿಭಾಗಕ್ಕೆ ಬಂದರು. ವುಲ್ಫ್ ಅವರೊಂದಿಗೆ ಕೈಜೋಡಿಸಿದರು.

1967ರಲ್ಲಿ ಒಂದು ಸೋಜಿಗದ ವಿಷಯ ಹೊರಬಿತ್ತು. ಆಲ್ಕೋಹಾಲನ್ನು ತಿಂದು ಮೀಥೇನ್ ಮಾಡುವ ಒಂದು ಜೀವಿ ಇದೆ ಎಂದು ವಿಜ್ಞಾನಿಗಳು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. ಬಿಡಿಸಿ ನೋಡಿದರೆ ಅದು ಒಂದಲ್ಲ, ಎರಡು! ಮೊದಲನೆಯದು ಆಲ್ಕೋಹಾಲನ್ನು ತಿಂದು ಜಲಜನಕವನ್ನು ಬಿಡುತ್ತದೆ. ಆ ಜಲಜನಕ ಸುತ್ತ ತುಂಬಿಕೊಂಡರೆ ಅದಕ್ಕೇ ಬದುಕಲಾಗದು. ಎರಡನೆಯದು ಆ ಜಲಜನಕವನ್ನು ತೆಗೆದುಕೊಂಡು, ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತದೆ. ಒಬ್ಬಳ ಮನೆಯ ಕಸ ಇನ್ನೊಬ್ಬಳ ಹಿತ್ತಲಿಗೆ ಗೊಬ್ಬರ ಆಗುವುದಿಲ್ಲವೇ, ಹಾಗೆ. ನಮ್ಮ ಗುಂಡಿಯಲ್ಲಿ ನಡೆಯುವುದೂ ಇದೇ. ಒಂದು ಗುಂಪು ಸಗಣಿಯ ನಾರನ್ನು ಒಡೆಯುತ್ತದೆ, ಇನ್ನೊಂದು ಅದನ್ನು ಹುಳಿ ಮಾಡುತ್ತದೆ, ಕೊನೆಯ ಗುಂಪು ಗ್ಯಾಸ್ ಮಾಡುತ್ತದೆ. ಈ ಕೊನೆಯ ಗುಂಪೇ ಬಹಳ ನಾಜೂಕು, ಬಹಳ ನಿಧಾನ.

ಈ ಜೀವಿ ಮೀಥೇನನ್ನು ಮಾಡುವುದು ಹೇಗೆ ಎಂಬುದೇ ವುಲ್ಫ್ ಅವರ ಜೀವನದ ಪ್ರಶ್ನೆ. ಪ್ರತಿ ಜೀವಿಯೊಳಗೂ ಕಿಣ್ವಗಳು ಎಂಬ ಕೆಲಸಗಾರರಿವೆ. ನಾವು ಉಂಡ ಅನ್ನ ಅರಗುವುದೂ ಕಿಣ್ವಗಳಿಂದಲೇ. ತಾರಸಿ ಹಾಕುವಾಗ ಕಾಂಕ್ರೀಟ್ ಬಾಣಲೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆಯೇ ಇಲ್ಲಿ ಇಂಗಾಲದ ಒಂದು ತುಣುಕು ಒಂದು ಸಹಕಿಣ್ವದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಸಾಲಿನ ಕೊನೆಯ 'ಕೈ' ಯಾವುದು ಎಂಬುದನ್ನು ವುಲ್ಫ್ ಮತ್ತು ಅವರ ವಿದ್ಯಾರ್ಥಿಗಳು 1971ರಲ್ಲಿ ಕಂಡರು. ಅದಕ್ಕೆ 'ಸಹಕಿಣ್ವ ಎಂ' ಎಂದು ಹೆಸರಿಟ್ಟರು. 1974ರಲ್ಲಿ ಅದರ ರಚನೆಯೂ ತಿಳಿಯಿತು. ಅಷ್ಟು ಚಿಕ್ಕ ಸಹಕಿಣ್ವವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಆ ಕೈಯಿಂದ ತುಣುಕನ್ನು ಬಿಡಿಸಿ ಮೀಥೇನ್ ಮಾಡಿ ಹೊರಗೆ ಬಿಡುವ ಕಿಣ್ವದ ಒಂದು ಭಾಗದಲ್ಲಿ ನಿಕ್ಕಲ್ ಲೋಹ ಇದೆ ಎಂದು 1980ರಲ್ಲಿ ಗೊತ್ತಾಯಿತು. ಜರ್ಮನಿಯ ರುಡಾಲ್ಫ್ ತೌಯರ್ ಅವರ ತಂಡವೂ ವುಲ್ಫ್ ತಂಡವೂ ಇದನ್ನು ಅದೇ ವರ್ಷ ತಿಳಿಸಿದವು. ಸಗಣಿ ಗುಂಡಿಯಲ್ಲಿ ನಿಕ್ಕಲ್! ಅದೂ ಕಣ್ಣಿಗೆ ಕಾಣದಷ್ಟು, ಆದರೆ ಅದಿಲ್ಲದೆ ಒಲೆ ಉರಿಯದು.

ಇದರ ನಡುವೆ ಇನ್ನೊಂದು ದೊಡ್ಡ ಸಂಗತಿ ನಡೆಯಿತು. ಅದೇ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಜೀವಿಗಳ ವಂಶಾವಳಿ ಹುಡುಕುತ್ತಿದ್ದರು. ವುಲ್ಫ್ ತಮ್ಮಲ್ಲಿ ಬೆಳೆಸಿದ ಮೀಥೇನ್ ಜೀವಿಗಳನ್ನು ಅವರಿಗೆ ಕೊಟ್ಟರು. ಪರೀಕ್ಷೆ ಮಾಡಿದರೆ ಇವು ಬ್ಯಾಕ್ಟೀರಿಯಾ ಕುಲಕ್ಕೇ ಸೇರಿದವಲ್ಲ, ಬೇರೆಯದೇ ಕುಲ! 1977ರಲ್ಲಿ ಇದನ್ನು ಪ್ರಕಟಿಸಿದಾಗ ಪತ್ರಿಕೆಗಳು ಮುಖಪುಟದಲ್ಲಿ ಬರೆದವು, ವಿಜ್ಞಾನಿಗಳು ನಕ್ಕರು. ನೊಬೆಲ್ ಪ್ರಶಸ್ತಿ ಪಡೆದಿದ್ದ ಸಾಲ್ವಡೋರ್ ಲೂರಿಯಾ ಅವರು ವುಲ್ಫ್‌ಗೆ ಫೋನ್ ಮಾಡಿ, ಈ ಹುಚ್ಚು ಮಾತಿನಿಂದ ದೂರ ಇರು, ಇಲ್ಲದಿದ್ದರೆ ನಿನ್ನ ಹೆಸರು ಕೆಡುತ್ತದೆ ಎಂದು ಎಚ್ಚರಿಸಿದರಂತೆ. ವುಲ್ಫ್ ದೂರ ಸರಿಯಲಿಲ್ಲ. ಇಂದು ಈ ಕುಲಕ್ಕೆ ಆರ್ಕಿಯಾ ಎಂಬ ಹೆಸರಿದೆ, ಕಾಲೇಜಿನಲ್ಲಿ ಓದುವ ನಿಮ್ಮ ಮಕ್ಕಳ ಪುಸ್ತಕದಲ್ಲೂ ಅದು ಇರುತ್ತದೆ, ಕೇಳಿ ನೋಡಿ. ವುಲ್ಫ್ 2019ರಲ್ಲಿ ತೀರಿಕೊಂಡಾಗ ಅವರಿಗೆ 97 ವರ್ಷ.

ಅವರು ಗೋಬರ್ ಗ್ಯಾಸ್ ಗುಂಡಿ ಕಟ್ಟಿದವರಲ್ಲ. ಆದರೆ ಆ ಜೀವಿಗಳ ಸ್ವಭಾವ ತಿಳಿದರೆ ನಮ್ಮ ಗುಂಡಿಯ ಎಷ್ಟೋ ತೊಂದರೆಗಳ ಕಾರಣ ತಾನಾಗಿ ಗೊತ್ತಾಗುತ್ತದೆ.

ಹೊಸ ಗುಂಡಿಗೆ ಸಗಣಿ ತುಂಬಿದ ಮರುದಿನವೇ ಗ್ಯಾಸ್ ಬರಲಿಲ್ಲ ಅಂತ ಗಾಬರಿ ಬೇಡ. ಮೀಥೇನ್ ಜೀವಿಗಳು ಬೆಳೆಯಲು ವಾರಗಳೇ ಬೇಕು. ಚೆನ್ನಾಗಿ ನಡೆಯುತ್ತಿರುವ ಗುಂಡಿಯಿಂದ ಕೆಲವು ಬಕೆಟ್ ಬಗ್ಗಡ ತಂದು ಸೇರಿಸಿದರೆ ಬೇಗ ಆಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೇ ಇದು. ಮೊದಮೊದಲು ಬರುವ ಗ್ಯಾಸಿನಲ್ಲಿ ಗಾಳಿಯೂ ಇಂಗಾಲದ ಡೈ ಆಕ್ಸೈಡೂ ಹೆಚ್ಚಿರುವುದರಿಂದ ಅದು ಹತ್ತುವುದಿಲ್ಲ, ಹೊರಗೆ ಬಿಟ್ಟುಬಿಡಬೇಕು. ಆಗ ಹತ್ತಿರದಲ್ಲಿ ಬೆಂಕಿ ಇರಬಾರದು.

ಎರಡು ಘನ ಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಂದ್ರೆ ನಾಲ್ಕೈದು ದನ. ಅಷ್ಟೇ ನೀರು ಕಲಸಿ ಹಾಕಬೇಕು. ಎರಡು ದಿನ ಹಾಕದೆ ಮೂರನೇ ದಿನ ಮೂರು ದಿನದ್ದನ್ನು ಒಟ್ಟಿಗೆ ಸುರಿಯುವ ಅಭ್ಯಾಸ ಬೇಡ. ಮದುವೆ ಮನೆಯ ಮಿಕ್ಕ ಅನ್ನ, ಹುಳಿ ಗಂಜಿ ಒಮ್ಮೆಗೇ ಹಾಕಿದರೂ ಹುಳಿ ಮಾಡುವ ಗುಂಪು ಓಡುತ್ತದೆ, ಗ್ಯಾಸ್ ಮಾಡುವ ಗುಂಪು ಹಿಂದೆ ಬೀಳುತ್ತದೆ. ಒಳಗೆ ಹುಳಿ ಹೆಚ್ಚಿ ಗ್ಯಾಸ್ ನಿಲ್ಲುತ್ತದೆ. ಹಾಗಾದರೆ ಕೆಲವು ದಿನ ಏನೂ ಹಾಕದೆ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ಶುರು ಮಾಡಿ.

ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು, ಸೋಪಿನ ನೀರು ಗುಂಡಿಗೆ ಹೋಗಲೇಬಾರದು. ದನಕ್ಕೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಿಸಿದರೆ ಕೆಲವು ದಿನ ಆ ದನದ ಸಗಣಿಯನ್ನು ತಿಪ್ಪೆಗೇ ಹಾಕಿ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆ ಆಗುವುದು ಸಹಜ, ಈ ಜೀವಿಗಳಿಗೆ 35 ಡಿಗ್ರಿ ಸೆಲ್ಸಿಯಸ್ ಸುಮಾರಿನ ಬಿಸಿ ಹಿತ. ಪೈಪು ಸೋರುತ್ತಿದ್ದರೆ ತಡಮಾಡದೆ ಸರಿ ಮಾಡಿಸಿ. ಅಡುಗೆಗೆ ನಷ್ಟ ಒಂದು ಕಡೆ, ಬೆಂಕಿಯ ಅಪಾಯ ಇನ್ನೊಂದು ಕಡೆ. ಜೊತೆಗೆ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಜೋರು. ಇದೇ ಕಾರಣಕ್ಕೆ ಹಸುವಿನ ಹೊಟ್ಟೆಯಲ್ಲಿ ಆ ನಿಕ್ಕಲ್ ಕಿಣ್ವವನ್ನು ತಡೆಯುವ ಒಂದು ಪುಡಿಯನ್ನು ಮೇವಿಗೆ ಬೆರೆಸಲು ಯೂರೋಪಿನಲ್ಲಿ 2022ರಲ್ಲಿ ಅನುಮತಿ ಕೊಟ್ಟರು.

ಇನ್ನೊಂದು ಮಾತು, ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಗುಂಡಿ ಕೆಟ್ಟಿತೆಂದು ಯಾರೂ ಒಳಗೆ ಇಳಿಯಬಾರದು. ಆ ಜೀವಿಗಳಿಗೆ ಬೇಕಾದ, ಆಮ್ಲಜನಕವೇ ಇಲ್ಲದ ಜಾಗ ಅದು. ಇಳಿದವರು ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತಾರೆ, ಎತ್ತಲು ಹೋದವರೂ ಬೀಳುತ್ತಾರೆ. ರಿಪೇರಿ ಬೇಕಾದರೆ ತರಬೇತಿ ಪಡೆದ ಮೇಸ್ತ್ರಿಯನ್ನೇ ಕರೆಸಿ. ನಿಮ್ಮ ಸಂಘಕ್ಕೆ ಬರುವ ಕಾರ್ಯಕರ್ತೆಗೆ ತಿಳಿಸಿದರೆ ನಾವು ಅಂಥವರನ್ನು ಗೊತ್ತು ಮಾಡಿಕೊಡುತ್ತೇವೆ.