ಭಾರ ಎತ್ತಿದರೆ ಮೂಳೆ ಸವೆಯುತ್ತದೆಯೇ? ಹೆಂಗಸರಿಗೆ ಗಡ್ಡ ಬರುತ್ತದೆಯೇ?

"ಜಿಮ್‌ನಲ್ಲಿ ಭಾರ ಎತ್ತುವ ಹೆಂಗಸರಿಗೆ ಗಂಡಸರ ಹಾರ್ಮೋನ್ ಹೆಚ್ಚಾಗಿ ಗಡ್ಡ-ಮೀಸೆ ಬರುತ್ತದೆ. ಗಂಡಸರಿಗೆ ಮಕ್ಕಳಾಗುವುದಿಲ್ಲ. ನಲವತ್ತು ದಾಟಿದವರ ಮೂಳೆ ಸವೆಯುತ್ತದೆ. ನಿಮ್ಮವರಿಗೆಲ್ಲ ಕಳಿಸಿ."

ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಶಿವಮೊಗ್ಗದ ನಮ್ಮ ಗ್ರೂಪ್‌ಗೆ ಬಂದಾಗ ಮೊದಲು ನಂಬಿದವರು ಭದ್ರಾವತಿಯ ನನ್ನ ಚಿಕ್ಕಮ್ಮ. ಬಚ್ಚಲಲ್ಲಿ ಜಾರಿ ಬಿದ್ದು ಅವರ ಮಣಿಕಟ್ಟು ಮುರಿದಿತ್ತು. ಸ್ಕ್ಯಾನ್‌ನಲ್ಲಿ ಮೂಳೆಯ ಸಾಂದ್ರತೆ ಕಡಿಮೆ ಎಂದು ಗೊತ್ತಾಯಿತು. ಕೈ ಗುಣವಾದ ಮೇಲೆ ಭಾರ ಎತ್ತುವ ವ್ಯಾಯಾಮ ಕಲಿಯಿರಿ ಎಂದು ವೈದ್ಯರು ಹೇಳಿದ್ದರು, ಚಿಕ್ಕಮ್ಮ ಶುರುವನ್ನೂ ಮಾಡಿದ್ದರು. ಫಾರ್ವರ್ಡ್ ಓದಿದ ಮಾರನೇ ದಿನ ಬಿಟ್ಟುಬಿಟ್ಟರು. "ಸವೆದ ಮೂಳೆಯನ್ನು ಇನ್ನೂ ಸವೆಸಿಕೊಳ್ಳಲಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಒಂದೊಂದಾಗಿ ನೋಡೋಣ.

ಹೇಳಿಕೆ 1: ಭಾರ ಎತ್ತಿದರೆ ಮೂಳೆ ಸವೆಯುತ್ತದೆ

ಇದು ತಪ್ಪು. ಗೊಂದಲಕ್ಕೆ ಒಂದು ಕಾರಣ ನಾವು ಬಳಸುವ ಪದ. ಮೂಳೆ ಒಳಗೊಳಗೇ ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ಗೂ 'ಮೂಳೆ ಸವೆತ' ಎನ್ನುತ್ತೇವೆ, ಮಂಡಿಯ ಕೀಲು ಹಾಳಾಗುವ ಆಸ್ಟಿಯೊಆರ್ಥ್ರೈಟಿಸ್‌ಗೂ ಅದನ್ನೇ ಹೇಳುತ್ತೇವೆ. ಇವು ಎರಡು ಬೇರೆ ಕಾಯಿಲೆಗಳು. ಸವೆತ ಎಂದ ಕೂಡಲೇ ನೆನಪಾಗುವುದು ಯಂತ್ರ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ ಇರುವ ಭದ್ರಾವತಿಯಲ್ಲಂತೂ ಇದನ್ನು ಹೇಳಿಕೊಡಬೇಕಿಲ್ಲ: ಹಲ್ಲುಚಕ್ರ ಬಳಸಿದಷ್ಟೂ ಸವೆಯುತ್ತದೆ.

ಆದರೆ ಮೂಳೆ ಜೀವಂತ ಅಂಗ. ಅದರಲ್ಲಿ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ಕೆಲಸ ಮಾಡುತ್ತಿರುತ್ತವೆ. ಭಾರ ಬಿದ್ದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಒಳಗಿನ ಕೋಶಗಳು ಅದನ್ನು ಗುರುತಿಸಿ 'ಇಲ್ಲಿ ಗಟ್ಟಿ ಮಾಡಿ' ಎಂಬ ಸೂಚನೆ ಕೊಡುತ್ತವೆ. ಭಾರವೇ ಬೀಳದಿದ್ದರೆ ಕರಗಿಸುವ ಕೆಲಸ ಮೇಲುಗೈ ಪಡೆಯುತ್ತದೆ. ದೇಹದ ತೂಕವೇ ಗೊತ್ತಾಗದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಕಡಿಮೆಯಾಗುವುದು ಇದಕ್ಕೇ.

2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ 'ಲಿಫ್ಟ್‌ಮೋರ್' ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರು ಅದರಲ್ಲಿದ್ದರು. ಒಂದು ಗುಂಪು ವಾರಕ್ಕೆ 2 ದಿನ, 30 ನಿಮಿಷ, ತರಬೇತುದಾರರ ಎದುರಲ್ಲೇ ನಿಜವಾದ ಭಾರ ಎತ್ತಿತು. ಇನ್ನೊಂದು ಗುಂಪು ಮನೆಯಲ್ಲಿ ಹಗುರ ವ್ಯಾಯಾಮ ಮಾಡಿತು. 8 ತಿಂಗಳ ಬಳಿಕ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇ. 2.9ರಷ್ಟು ಏರಿತ್ತು, ಇನ್ನೊಂದು ಗುಂಪಿನಲ್ಲಿ ಶೇ. 1.2ರಷ್ಟು ಇಳಿದಿತ್ತು. ಭಾರ ಎತ್ತಿದವರಲ್ಲಿ ಒಬ್ಬರಿಗೆ ಸೊಂಟ ಸ್ವಲ್ಪ ಹಿಡಿದುಕೊಂಡಿತ್ತು, ಅಷ್ಟೇ.

ಹೇಳಿಕೆ 2: ಹೆಂಗಸರಿಗೆ ಗಡ್ಡ-ಮೀಸೆ ಬರುತ್ತದೆ

ಇದೂ ತಪ್ಪು. ಟೆಸ್ಟೋಸ್ಟೆರಾನ್ ಹೆಂಗಸರ ದೇಹದಲ್ಲೂ ಇರುತ್ತದೆ, ಆದರೆ ಗಂಡಸರಿಗಿಂತ ಹತ್ತಾರು ಪಟ್ಟು ಕಡಿಮೆ. ಭಾರ ಎತ್ತಿದಾಗ ಕೆಲವು ಹಾರ್ಮೋನ್‌ಗಳು ತುಸು ಏರಿ, ಸ್ವಲ್ಪ ಹೊತ್ತಿನಲ್ಲೇ ಮೊದಲಿನ ಮಟ್ಟಕ್ಕೆ ಇಳಿಯುತ್ತವೆ. ಗಡ್ಡ ಬರಿಸಲು ಅದು ಸಾಲದು. ಮುಖದಲ್ಲಿ ಹೊಸದಾಗಿ ಕೂದಲು ಬರುತ್ತಿದ್ದರೆ ಪಿಸಿಓಎಸ್‌ನಂಥ ಸಮಸ್ಯೆ ಇರಬಹುದು, ವೈದ್ಯರಿಗೆ ತೋರಿಸಿ. ಕರ್ಣಂ ಮಲ್ಲೇಶ್ವರಿ 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕೆಜಿ ಎತ್ತಿ ಕಂಚು ಗೆದ್ದರು. ಮರುವರ್ಷ ತಾಯಿಯಾದರು.

ಹೇಳಿಕೆ 3: ಗಂಡಸರಿಗೆ ಮಕ್ಕಳಾಗುವುದಿಲ್ಲ

ಭಾರ ಎತ್ತುವುದರಿಂದ ಅಲ್ಲ. ಆದರೆ ಈ ಮಾತಿನ ಹಿಂದೆ ಒಂದು ನಿಜವಾದ ಅಪಾಯ ಅಡಗಿದೆ: ಬೇಗ ಮೈ ಬೆಳೆಸಲು ತೆಗೆದುಕೊಳ್ಳುವ ಸ್ಟೆರಾಯ್ಡ್ ಇಂಜೆಕ್ಷನ್ ಮತ್ತು ಮಾತ್ರೆ. ಹೊರಗಿನಿಂದ ಹಾರ್ಮೋನ್ ಬಂದರೆ 'ಇನ್ನು ಬೇಡ' ಎಂದು ಮೆದುಳು ವೃಷಣಗಳಿಗೆ ಸೂಚನೆ ಕಳಿಸುವುದನ್ನೇ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ಹೆಂಗಸರು ತೆಗೆದುಕೊಂಡರೆ ಮುಖದಲ್ಲಿ ಕೂದಲು ಬರುವುದೂ ಉಂಟು. ತಪ್ಪು ಸಿರಿಂಜಿನದು, ಬಾರ್ಬೆಲ್‌ನದಲ್ಲ.

ಹಾಗಾದರೆ ಎಚ್ಚರ ಯಾವುದಕ್ಕೆ?

ಊಟಕ್ಕೆ. ಮೂಳೆ ಕರಗಿಸುವ ಕೋಶಗಳನ್ನು ಹತೋಟಿಯಲ್ಲಿಡುವುದು ಈಸ್ಟ್ರೋಜನ್. ಮುಟ್ಟು ನಿಂತ ಮೇಲೆ ಅದು ಇಳಿಯುವುದರಿಂದಲೇ ಮೂಳೆ ಬೇಗ ತೆಳುವಾಗುತ್ತದೆ. ಸಣ್ಣಗಾಗಬೇಕೆಂದು ಅರೆಹೊಟ್ಟೆಯಲ್ಲಿ ವಿಪರೀತ ವ್ಯಾಯಾಮ ಮಾಡಿದರೆ ಇಪ್ಪತ್ತರ ಹುಡುಗಿಯರಿಗೂ ಮುಟ್ಟು ನಿಂತು ಅದೇ ಗತಿ ಬರಬಹುದು. ವ್ಯಾಯಾಮ ಶುರುಮಾಡಿದ ಮೇಲೆ ಮುಟ್ಟು ತಪ್ಪುತ್ತಿದ್ದರೆ ಕಡೆಗಣಿಸಬೇಡಿ.

ಹೊಸದಾಗಿ ಹೆರಿಗೆಯಾದವರು, ಬೆನ್ನುಮೂಳೆ ಮುರಿದವರು, ಬಿಪಿ ಹತೋಟಿಯಲ್ಲಿಲ್ಲದವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಇನ್ನು 'ಭಾರ' ಎಂದರೆ ಎಲ್ಲರಿಗೂ ಒಂದೇ ಅಲ್ಲ. ಘಟ್ಟದ ಕೆಳಗಿನ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 61 ಕೆಜಿ ವಿಭಾಗದಲ್ಲಿ ಸ್ಪರ್ಧಿಸಿ, ಒಂದೇ ಎತ್ತಿಗೆ 151 ಕೆಜಿ ಎತ್ತಿದರು. ಅದು ವರ್ಷಗಳ ಅಭ್ಯಾಸ. ಚಿಕ್ಕಮ್ಮನಿಗೆ ಫಿಸಿಯೋಥೆರಪಿಸ್ಟ್ ಮೊದಲು ಕೊಟ್ಟದ್ದು 2 ಕೆಜಿ ಡಂಬೆಲ್. ಲಿಫ್ಟ್‌ಮೋರ್‌ನ ಮಹಿಳೆಯರೂ ಮೊದಲು ಹಗುರ ಭಾರದಲ್ಲಿ ಕ್ರಮ ಕಲಿತೇ ಮುಂದೆ ಹೋದದ್ದು.

ಚಿಕ್ಕಮ್ಮ ಈಗ ಮತ್ತೆ ಶುರುಮಾಡಿದ್ದಾರೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನೂ ಬಿಟ್ಟಿಲ್ಲ, ಬಿಡಲೂಬಾರದು. ಮೂಳೆ ಎಷ್ಟು ಸುಧಾರಿಸಿದೆ ಎಂಬುದನ್ನು ಮುಂದಿನ ಸ್ಕ್ಯಾನ್ ಹೇಳಬೇಕು.

ಆ ಫಾರ್ವರ್ಡ್ ನಿಮಗೂ ಬಂದರೆ ಇಷ್ಟನ್ನು ಕಳಿಸಿ:

"ಯಂತ್ರ ಬಳಸಿದರೆ ಸವೆಯುತ್ತದೆ, ಮೂಳೆ ಬಳಸದಿದ್ದರೆ ತೆಳುವಾಗುತ್ತದೆ. ಕ್ರಮ ಕಲಿತು, ಹಂತಹಂತವಾಗಿ ಭಾರ ಎತ್ತಿ. ಹೊಟ್ಟೆ ತುಂಬ ಊಟ ಮಾಡಿ. ಸ್ಟೆರಾಯ್ಡ್ ಮುಟ್ಟಬೇಡಿ. ಕಾಯಿಲೆ ಇದ್ದರೆ ಮೊದಲು ವೈದ್ಯರನ್ನು ಕೇಳಿ."